ಏಳು ಎಣಿಸುವವರೆಗೆ

ಫೆಬ್ರವರಿ ೧೬, ಭಾನುವಾರ

ಪ್ರೀತಿಯ ಬೆಣಚು,

‘ಕೇಳಿದೆಯಾ ಎಂದು ಕೇಳಿದೆ, ಕೇಳಲಿಲ್ಲ...’ ಆಮೇಲೆ ಏನು? ನೀನೇ ಬರೆದ ಸಾಲು. ಶಾಲೆಗೆ ಸೇರಿದ ಮೊದಲ ವಾರ ನನಗೆ ಹಾಕಿದ ಕಾಗದದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಎಂಟೋ ಹತ್ತೋ ಸಾಲಿನ ಪದ್ಯ ಇತ್ತು. ಮನೆ ಬದಲಾಯಿಸುವಾಗ ಆ ಕಾಗದ ಕಳೆದುಹೋಯಿತು. ಈ ಒಂದು ಸಾಲು ಮಾತ್ರ ಬಟ್ಟೆಗೆ ಅಂಟಿದ ಮುಳ್ಳುಬೀಜದ ಹಾಗೆ ಜೊತೆಗೆ ಬಂದಿದೆ. ಕೊನೆಯಲ್ಲಿ ಇನ್ನೊಂದು ಪದ ಇತ್ತು. ಅದು ‘ನೀನು’ ಆಗಿತ್ತೋ, ‘ನಾನು’ ಆಗಿತ್ತೋ? ನಮ್ಮ ಭಾಷೆಯ ತಂಟೆ ನೋಡು. ‘ಇಲ್ಲ’ ಅನ್ನುವಾಗ ಯಾರು ಅಂತ ಹೇಳದೆಯೂ ವಾಕ್ಯ ಮುಗಿದುಬಿಡುತ್ತದೆ. ನಾನು ಕೇಳಲಿಲ್ಲ, ನೀನು ಕೇಳಲಿಲ್ಲ, ಅವರು ಕೇಳಲಿಲ್ಲ, ಎಲ್ಲಕ್ಕೂ ಒಂದೇ. ಎರಡು ವಾರದಿಂದ ಬಸ್ಸಿನಲ್ಲಿ ಕೂತು ಎರಡೂ ಪದ ಹಾಕಿ ನೋಡುತ್ತಿದ್ದೇನೆ. ಎರಡೂ ಚೆನ್ನಾಗಿಯೇ ಹೊಂದುತ್ತವೆ, ಅದೇ ಕಷ್ಟ.

ನಿನ್ನ ಮೂರು ಕಾಗದ ಬಂದು ಮೇಜಿನ ಮೇಲೆ ಕೂತಿವೆ, ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಬೈಯಬೇಡ. ಮೊದಲು ಪರೀಕ್ಷೆ, ಆಮೇಲೆ ಮೌಲ್ಯಮಾಪನ, ಆಮೇಲೆ ಇವರ ಮೊಣಕಾಲು ನೋವು ಅಂತ ನೆಪಗಳ ಪಟ್ಟಿ ಮಾಡಬಹುದು. ನಿಜ ಹೇಳಬೇಕೆಂದರೆ ಬರೆಯಲು ಕೂತಾಗಲೆಲ್ಲ ಹೊಟ್ಟೆಕಿಚ್ಚು ಬಿಟ್ಟು ಬೇರೆ ಸುದ್ದಿಯೇ ಇರುತ್ತಿರಲಿಲ್ಲ. ನಿನಗೆ ಫೋನು ಮಾಡುವ ಹಾಗಿಲ್ಲ. ಫೋನಿನಲ್ಲಿ ನಿನ್ನ ಮಾತು ಇನ್ನೂ ತೊಡರುತ್ತದೆ ಅನ್ನುತ್ತೀಯ. ಅದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಇಪ್ಪತ್ತನಾಲ್ಕು ವರ್ಷ ಕಾಗದ ಬರೆದುಕೊಳ್ಳುವ ಭಾಗ್ಯ ನಮಗೆಲ್ಲಿ ಇರುತ್ತಿತ್ತು?

ನಿನ್ನ ಮಗಳು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದು ಓದಿ ಕುಣಿಯುವಷ್ಟು ಖುಷಿಯಾಯಿತು. ಅವಳಿಗೆ ಬೇರೆಯೇ ಬರೆಯುತ್ತೇನೆ. ಈಗ ನನ್ನ ಪುರಾಣ ಕೇಳು.

ನಮ್ಮಲ್ಲಿ ಕಳೆದ ಜೂನ್‌ನಲ್ಲಿ ‘ಬೋಧನೆ ಮತ್ತು ಕಲಿಕೆ ಕೇಂದ್ರ’ ಅಂತ ಒಂದು ಶುರುವಾಯಿತು. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರಿಗೆ ಪಾಠ ಮಾಡುವುದು ಹೇಗೆ ಅಂತ ಹೇಳಿಕೊಡುವ ಜಾಗ. ನೀವು ಶಾಲೆಯವರು ಬಿ.ಎಡ್. ಮಾಡಿರುತ್ತೀರಿ. ನಾವು ಭೂವಿಜ್ಞಾನದ ಕಲ್ಲು ಓದಿದವರು ಕಲ್ಲು ಪಾಠ ಮಾಡಲು ನೇರ ನಿಂತುಬಿಡುತ್ತೇವೆ, ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ. ಕೇಂದ್ರಕ್ಕೆ ಒಬ್ಬರು ಸಂಯೋಜಕರು ಬೇಕು ಅಂದಾಗ ಇಡೀ ಕಾರಿಡಾರು ನನ್ನ ಕಡೆ ತಿರುಗಿತು. ಜಂಬ ಅಂದುಕೊಳ್ಳಬೇಡ. ವರ್ಷವರ್ಷವೂ ಬೀಳ್ಕೊಡುಗೆಯಲ್ಲಿ ಮಕ್ಕಳು ನನ್ನ ಪಾಠದ ಅನುಕರಣೆ ಮಾಡುತ್ತಾರೆ, ಬೇರೆ ವಿಭಾಗದವರು ಬಾಗಿಲ ಹತ್ತಿರ ನಿಂತು ಕೇಳಿ ಹೋಗುತ್ತಾರೆ. ಮುಖ್ಯಸ್ಥರೂ “ನಿಮ್ಮನ್ನ ಬಿಟ್ಟು ಇನ್ಯಾರು?” ಅಂದಿದ್ದರು. ನಾನು ಹೊಸ ಡೈರಿ ತೆಗೆದುಕೊಂಡು ಮೊದಲ ಪುಟದಲ್ಲಿ ಯೋಜನೆ ಕೂಡ ಬರೆದಿಟ್ಟಿದ್ದೆ.

ಆರಿಸಿದ್ದು ಯಾರನ್ನು ಗೊತ್ತೇ? ನನ್ನದೇ ವಿದ್ಯಾರ್ಥಿನಿಯನ್ನು. ಮೂವತ್ನಾಲ್ಕು ವರ್ಷ. ಎಂ.ಎಸ್ಸಿ. ಎರಡು ವರ್ಷ ನನ್ನ ತರಗತಿಯಲ್ಲಿ ಕಡೇ ಬೆಂಚಿನಲ್ಲಿ ಕೂರುತ್ತಿದ್ದವಳು. ಎರಡು ವರ್ಷದಲ್ಲಿ ಬಾಯಿ ಬಿಟ್ಟದ್ದು ನಾಲ್ಕು ಸಲ ಇರಬಹುದು. ಅವಳ ಪ್ರಬಂಧದ ಕಾಗುಣಿತ ತಿದ್ದಿದ್ದು ನಾನು. ಬೇರೆ ಕಡೆ ನಾಲ್ಕೈದು ವರ್ಷ ಕೆಲಸ ಮಾಡಿ, ಪಾಠ ಮಾಡುವ ವಿಧಾನದ ಮೇಲೆ ಏನೇನೋ ಓದಿಕೊಂಡು ವಾಪಸು ಬಂದಳು, ಕುರ್ಚಿ ಹತ್ತಿದಳು. ಕೊಟ್ಟ ಕೋಣೆ ಯಾವುದು ಅಂದುಕೊಂಡೆ? ಎರಡು ಕಿಟಕಿಯ ಮೂಲೆ ಕೋಣೆ. ಕಲ್ಲಿನ ಮಾದರಿಗಳನ್ನು ಜೋಡಿಸಲು ಬೇಕು ಅಂತ ಹನ್ನೊಂದು ವರ್ಷದಿಂದ ನಾನು ಅರ್ಜಿ ಹಾಕುತ್ತಿದ್ದ ಕೋಣೆ. ನನ್ನ ಕಲ್ಲುಗಳು ಇನ್ನೂ ಮೆಟ್ಟಿಲ ಕೆಳಗೆ, ಪೊರಕೆಯ ಪಕ್ಕದಲ್ಲಿವೆ.

ನನ್ನನ್ನು ಕಂಡರೆ ಈಗಲೂ ಎದ್ದು ನಿಂತು “ಬನ್ನಿ ಮೇಡಂ” ಅನ್ನುತ್ತಾಳೆ. ಎದ್ದು ನಿಲ್ಲುವುದನ್ನು ಸಹಿಸಲಾರೆ. ಕೂತೇ ಇದ್ದಿದ್ದರೆ ಅದನ್ನೂ ಸಹಿಸುತ್ತಿರಲಿಲ್ಲ. ಅವಳ ಬಾಗಿಲಲ್ಲಿ ಎಷ್ಟು ಜೊತೆ ಚಪ್ಪಲಿ ಇವೆ ಅಂತ ಹೋಗುತ್ತಾ ಬರುತ್ತಾ ನೋಡುತ್ತೇನೆ. ಇವರ ಹತ್ತಿರ ಹೇಳಿಕೊಂಡರೆ, ಪೇಪರಿನಿಂದ ತಲೆ ಎತ್ತದೆ, “ಹೊಟ್ಟೇಲಿ ಕಿಚ್ಚಿದ್ರೆ ಕಪಾಟಲ್ಲಿ ಗುಳಿಗೆ ಇದೆ ನೋಡು, ಊಟಕ್ಕೆ ಮುಂಚೆ ಒಂದು,” ಅಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಸಿಕ್ಕ ಸಾಂತ್ವನ ಇದು.

ಜನವರಿಯಲ್ಲಿ ಆರು ದಿನದ ತರಬೇತಿ. ಎಲ್ಲರಿಗೂ ಕಡ್ಡಾಯ. ಕೊನೆಗೆ ಒಂದು ಸರ್ಟಿಫಿಕೇಟು. ಅದಿಲ್ಲದೆ ಪ್ರೊಫೆಸರ್ ಹುದ್ದೆಗೆ ನನ್ನ ಅರ್ಜಿ ಮುಂದೆ ಹೋಗುವುದಿಲ್ಲ. ನಲವತ್ತು ಜನ, ದುಂಡು ಮೇಜುಗಳು, ಪ್ರತಿ ಮೇಜಿಗೂ ಹಳದಿ ಚೀಟಿಯ ಕಟ್ಟು. ‘ನಿಮ್ಮ ವಿದ್ಯಾರ್ಥಿಗಳು ಮಾಡದ ಒಂದು ಕೆಲಸ ಬರೆದು ಗೋಡೆಗೆ ಅಂಟಿಸಿ’ ಅಂದಳು. ನಲವತ್ತರಲ್ಲಿ ಮೂವತ್ತು ಚೀಟಿಯಲ್ಲಿ ಒಂದೇ ಮಾತು: ‘ಪ್ರಶ್ನೆಗೆ ಉತ್ತರ ಹೇಳುವುದಿಲ್ಲ.’ ನನ್ನದರಲ್ಲಿಯೂ ಅದೇ. ರಸಾಯನಶಾಸ್ತ್ರದ ಹಿರಿಯರು ನನ್ನ ಪಕ್ಕ ಕೂತಿದ್ದರು, ನಿವೃತ್ತಿಗೆ ಎರಡು ವರ್ಷ. “ಅಲ್ಲಮ್ಮಾ, ಪಾಠ ಮಾಡೋದು ಈಗ ಕಲಿತು ನಾನು ಯಾರಿಗೆ ಮಾಡಲಿ, ಮೊಮ್ಮಗಳಿಗಾ? ಅವಳು ನನಗೇ ಪಾಠ ಹೇಳ್ತಾಳೆ,” ಅಂತ ನಗಿಸುತ್ತಿದ್ದರು. ಮೂರನೆಯ ದಿನಕ್ಕೆ ಅವರೂ ಕೈಕೊಟ್ಟರು. ಮುಂದಿನ ಮೇಜಿಗೆ ಹೋಗಿ ನೋಟ್ಸ್ ಬರೆದುಕೊಳ್ಳುತ್ತಿದ್ದರು! ಹಲಗೆಯನ್ನೇ ನೋಡಿಕೊಂಡು ಮೂವತ್ತು ವರ್ಷ ಪಾಠ ಮಾಡಿದ ಗಣಿತದವರು ಚಹಾ ಹೊತ್ತಿನಲ್ಲಿ ಬಂದು, “ನಿಮ್ಮ ಶಿಷ್ಯೆ ಭಾರೀ ಚುರುಕು, ಎಲ್ಲ ನಿಮ್ಮದೇ ತಯಾರಿ ಇರಬೇಕು,” ಅಂದಾಗ ನಾನು ಹಲ್ಲು ಕಿರಿದು “ಹೌದು” ಅಂದೆ.

ಐದನೆಯ ದಿನ ನಮ್ಮಲ್ಲಿ ಕೆಲವರ ತರಗತಿಗಳ ವೀಕ್ಷಣೆ. ಅವಳು ಬಂದು ಹಳೆಯ ಜಾಗದಲ್ಲಿ, ಕಡೇ ಬೆಂಚಿನಲ್ಲಿ, ಕೂತಳು. ನಾನು ಅವತ್ತು ಹೇಗೆ ಪಾಠ ಮಾಡಿದೆ ಅಂತ ಕೇಳು! ಗ್ರಾನೈಟಿನ ತುಂಡು ಕೈಯಿಂದ ಕೈಗೆ ದಾಟಿಸಿದೆ, ಇದು ಹುಟ್ಟಿದ್ದೆಲ್ಲಿ, ಬೆಳೆದದ್ದೆಲ್ಲಿ, ಇದರೊಳಗೆ ಹೊಳೆಯುವುದು ಯಾಕೆ ಹೊಳೆಯುತ್ತದೆ ಅಂತ ನದಿಯ ಹಾಗೆ ಹರಿದೆ. ಮಕ್ಕಳು ಕಣ್ಣು ಬಿಟ್ಟುಕೊಂಡು ಕೂತಿದ್ದರು. ಮುಗಿದಾಗ ಯಾರೋ ಚಪ್ಪಾಳೆಯನ್ನೂ ತಟ್ಟಿದರು. ನಾನು ಕಡೇ ಬೆಂಚಿನ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ಬರೆಯುತ್ತಿದ್ದಳು.

ಸಂಜೆ ಹಾಳೆ ಕೈಗೆ ಬಂತು. ಕೇಳಿದ ಪ್ರಶ್ನೆಗಳು: ಇಪ್ಪತ್ಮೂರು. ಮೇಡಂ ತಾವೇ ಉತ್ತರಿಸಿದ್ದು: ಇಪ್ಪತ್ಮೂರು. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ, ಸರಾಸರಿ: ಒಂದು ಸೆಕೆಂಡಿಗಿಂತ ಕಡಿಮೆ. ಅತಿ ಹೆಚ್ಚು: ನಾಲ್ಕು ಸೆಕೆಂಡು. (ಆಗ ನನಗೆ ಕೆಮ್ಮು ಬಂದಿತ್ತು.) ಫೋನಿನಲ್ಲಿ ಗಡಿಯಾರ ಹಿಡಿದು ಅಳೆದಿದ್ದಾಳೆ ಕಣೇ, ನನ್ನನ್ನು! ಕೆಳಗೆ ಷರಾ ಅನ್ನುವ ಜಾಗದಲ್ಲಿ ಅವಳ ಸಣ್ಣ ದುಂಡು ಅಕ್ಷರದಲ್ಲಿ ಒಂದೇ ವಾಕ್ಯ:

‘ಮೇಡಂ ಕೇಳುತ್ತಾರೆ, ಕೇಳುವುದಿಲ್ಲ.’

ನಾನು ಇದನ್ನು ನಾಲ್ಕು ಸಲ ಓದಿದೆ. ಕೇಳುತ್ತಾರೆ, ಕೇಳುವುದಿಲ್ಲ. ಇವರಿಗೆ ಓದಿ ಹೇಳಿದರೆ ಪೇಪರು ಕೆಳಗಿಟ್ಟು (ಆ ದಿನ ಇಟ್ಟರು!) ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ನಾನು ಇಪ್ಪತ್ತೆರಡು ವರ್ಷದಿಂದ ಹೇಳೋಕೆ ಹೆಣಗಾಡ್ತಿದ್ದೆ, ಆ ಹುಡುಗಿ ಮೂರು ಪದದಲ್ಲಿ ಮುಗಿಸಿದಳಲ್ಲ!”

ಮರುದಿನ ಬೆಳಗ್ಗೆ ಹಾಳೆ ಹಿಡಿದು ಮೂಲೆ ಕೋಣೆಗೆ ನುಗ್ಗಿದೆ. ಅವಳು ಎದ್ದಳು. “ಏನಮ್ಮಾ ಇದು? ಕೇಳ್ತಾರೆ ಅಂತೆ, ಕೇಳೋದಿಲ್ಲ ಅಂತೆ. ಇದೇನು ಒಗಟಾ? ನಾನು ಮಾಡಿದ್ದು ಪಾಠ ಅಲ್ವಾ ಹಾಗಾದರೆ?” ಅಂದೆ. ಅವಳು ನನ್ನ ಮುಖ ನೋಡುತ್ತಾ ನಿಂತಳು, ಎಡಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. “ಏನು ಹೇಳ್ತೀಯ ಅಂತ ನನಗೆ ಗೊತ್ತು ಬಿಡು. ಉತ್ತರಕ್ಕೆ ಕಾಯಬೇಕಿತ್ತು ಅಂತೀಯ. ಕಾಯೋಕೆ ಪಠ್ಯ ಕಾಯುತ್ತಾ? ಪರೀಕ್ಷೆ ಕಾಯುತ್ತಾ?” ಅಂತ ಅವಳ ಉತ್ತರವನ್ನೂ ನಾನೇ ಹೇಳಿ, ಅದಕ್ಕೆ ಪ್ರತ್ಯುತ್ತರವನ್ನೂ ಕೊಟ್ಟು, ಹೊರಗೆ ಬಂದೆ. ಅರ್ಧ ಕಾರಿಡಾರು ದಾಟಿದ ಮೇಲೆ ನಾನು ಮಾಡಿದ್ದೇನು ಅಂತ ಹೊಳೆಯಿತು. ವಾಪಸು ಹೋಗಲು ಮುಖ ಇರಲಿಲ್ಲ.

ಅದೇ ದಿನ ಮಧ್ಯಾಹ್ನ ಸಮಾರೋಪ. ಅವಳು ಎದ್ದು ನಿಂತು, “ಈ ಆರು ದಿನದಲ್ಲಿ ನಾನು ಹೇಳಿದ್ದರಲ್ಲಿ ನನ್ನದು ಅಂತ ಏನೂ ಇಲ್ಲ. ಎಲ್ಲ ಒಬ್ಬ ಟೀಚರಿಂದ ಕಲಿತದ್ದು,” ಅಂದಳು. ರಸಾಯನಶಾಸ್ತ್ರದವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನೂ, ನಾಚಿಕೆಯಿಲ್ಲದೆ ಹೇಳುತ್ತೇನೆ, ಕನ್ನಡಕ ಒರೆಸಿ ಹಾಕಿಕೊಂಡು ನೆಟ್ಟಗೆ ಕೂತೆ. ಎಲ್ಲ ಸಿಟ್ಟು ಒಂದು ಕ್ಷಣದಲ್ಲಿ ಇಳಿದುಹೋಗಿತ್ತು. ಪಾಪ, ಒಳ್ಳೆಯ ಹುಡುಗಿ, ಅಂದುಕೊಂಡೆ.

“ನಾನು ಆಗ ಎಂಟನೇ ಕ್ಲಾಸು,” ಅಂದಳು.

ಯಾವುದೋ ಊರಿನ ಯಾವುದೋ ಹೈಸ್ಕೂಲು, ಯಾರೋ ವಿಜ್ಞಾನದ ಟೀಚರಂತೆ. ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಿದ್ದರಂತೆ. ಬೆರಳಿನ ಗೆಣ್ಣಿನ ಮೇಲೆ ಏಳು ಎಣಿಸುತ್ತಿದ್ದರಂತೆ. ಮೊದಮೊದಲು ಮಕ್ಕಳು ನಗುತ್ತಿದ್ದರಂತೆ. ಆಮೇಲೆ ಆ ಏಳರೊಳಗೆ, ಐದಕ್ಕೋ ಆರಕ್ಕೋ, ಯಾರಾದರೂ ಒಬ್ಬರು ಕೈ ಎತ್ತದೆ ಇರುತ್ತಿರಲಿಲ್ಲವಂತೆ. “ನನ್ನ ಉತ್ತರಕ್ಕೆ ಯಾರಾದರೂ ಕಾದದ್ದು ಜೀವನದಲ್ಲಿ ಅದೇ ಮೊದಲು,” ಅಂದಳು. ನಲವತ್ತು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಶೂ ಲೇಸ್ ಕಟ್ಟಿಕೊಳ್ಳುವ ಹಾಗೆ ಬಗ್ಗಿದೆ. ಹಾಕಿಕೊಂಡದ್ದು ಚಪ್ಪಲಿ.

ಸಣ್ಣ ಶಾಲೆಯ ಟೀಚರೊಬ್ಬಳು ಬೆರಳು ಎಣಿಸಿದ್ದು ಇಷ್ಟು ದೊಡ್ಡದಾಯಿತು, ನನ್ನ ಇಪ್ಪತ್ನಾಲ್ಕು ವರ್ಷದ ಪಾಠ ಒಂದು ಸೆಕೆಂಡಿಗಿಂತ ಕಡಿಮೆಯಾಯಿತು!

ನಾಳೆ ಸೋಮವಾರ ಎರಡನೆಯ ವೀಕ್ಷಣೆ. ಮೊದಲ ಸಲದ ಷರಾ ನೋಡಿಕೊಂಡು ಬದಲಾದದ್ದು ತೋರಿಸಿದರೆ ಸರ್ಟಿಫಿಕೇಟು. ನಾನು ಒಪ್ಪುವುದಿಲ್ಲ ಅಂತ ಕುಲಸಚಿವರಿಗೆ ಪತ್ರ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ‘ನನ್ನ ವಿದ್ಯಾರ್ಥಿನಿಯಿಂದ ನನ್ನ ಬೋಧನೆಯ ಪರೀಕ್ಷೆ ನಡೆಯುವುದು ಸೂಕ್ತವಲ್ಲ’ ಅಂತ, ಬಹಳ ಗೌರವದ ಭಾಷೆಯಲ್ಲಿ. ಪ್ರೊಫೆಸರ್ ಆಗದಿದ್ದರೆ ಅಷ್ಟೇ ಹೋಯಿತು. ಕಲ್ಲುಗಳು ನನ್ನನ್ನು ಯಾವ ಹುದ್ದೆ ಅಂತ ಕೇಳುವುದಿಲ್ಲ. ನೋಡಿದೆಯಾ, ಮತ್ತೆ ಅದೇ ಪದ.

ಇಷ್ಟು ಹೇಳಿಕೊಂಡ ಮೇಲೆ ಸ್ವಲ್ಪ ಹಗುರವಾಯಿತು. ಮಗಳಿಗೆ ನನ್ನ ತುಂಬು ಆಶೀರ್ವಾದ ಹೇಳು. ಅವಳ ಕೈ ತಾಗಿದ ರೋಗಿಗಳೆಲ್ಲ ಬೇಗ ಎದ್ದು ಓಡಾಡಲಿ. ಅವಳು ನಿನ್ನ ಹಾಗೆ ಕಡಿಮೆ ಮಾತಾಡಲಿ. ನಿಮ್ಮ ಮನೆಯವರಿಗೆ ನಮಸ್ಕಾರ. ನೀನು ಕಣ್ಣು ತೋರಿಸಿಕೊಂಡೆಯಾ, ಇಲ್ಲವಾ? ಬರೆ.

ನಿನ್ನ ಎಂದಿನ
ರೇಡಿಯೋ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಮೇಲೆ ಸುಳ್ಳು ಬರೆದಿದ್ದೇನೆ.

ಯಾವುದೋ ಊರು ಅಂತ ಬರೆದೆ. ಊರು ನಿನ್ನದು. ಶಾಲೆ ನಿನ್ನದು. ಅವಳು ಬೆರಳ ಗೆಣ್ಣು ಅನ್ನುವ ಮೊದಲೇ ನನಗೆ ಗೊತ್ತಾಗಿತ್ತು. ಹಾಸ್ಟೆಲಿನಲ್ಲಿ ಎರಡು ವರ್ಷ ನಿನ್ನ ಮಂಚದ ಪಕ್ಕ ಮಲಗಿದವಳಿಗೆ ಗೊತ್ತಾಗದೆ ಇರುತ್ತದೆಯೇ? ಊಟಕ್ಕೆ ಹೋಗೋಣವಾ ಅಂದರೂ ನೀನು ಏಳು ಎಣಿಸಿ ‘ಹೂಂ’ ಅನ್ನುತ್ತಿದ್ದೆ. ಮಾತು ತೊಡರದಿರಲಿ ಅಂತ ನೀನು ಮಾಡಿಕೊಂಡ ಉಪಾಯ ಅದು. ನಿನ್ನ ಬಾಯಿಗೋಸ್ಕರ ಎಣಿಸುತ್ತಿದ್ದದ್ದನ್ನು ನೀನು ಮಕ್ಕಳ ಬಾಯಿಗೋಸ್ಕರ ಎಣಿಸತೊಡಗಿದ್ದು ಯಾವಾಗ? ನನಗೆ ಯಾಕೆ ಹೇಳಲಿಲ್ಲ?

ನೀನು ಹೇಳಿದ್ದೆ. ನಿನ್ನೆ ನಿನ್ನ ಕಾಗದಗಳ ಡಬ್ಬಿ ಇಳಿಸಿ ಹುಡುಕಿದೆ. ಹದಿಮೂರು ವರ್ಷದ ಹಿಂದಿನದು: ‘ನನ್ನ ಹುಡುಗಿಯೊಬ್ಬಳು ನಿನ್ನ ವಿಭಾಗಕ್ಕೆ ಸೇರಿದ್ದಾಳೆ. ಹಿಂದೆ ಕೂರುತ್ತಾಳೆ. ನಿಧಾನಕ್ಕೆ ಉತ್ತರ ಹೇಳುತ್ತಾಳೆ, ಹೇಳಿದರೆ ಸರಿಯಾಗಿಯೇ ಹೇಳುತ್ತಾಳೆ. ಸ್ವಲ್ಪ ಕಾಯಿ.’ ಓದಿದ ನೆನಪೇ ಇಲ್ಲ ನನಗೆ. ಎರಡು ವರ್ಷ ಎದುರಿಗೆ ಕೂತಿದ್ದವಳನ್ನು ಯಾವ ಊರು ಅಂತ ಒಂದು ದಿನ ಕೇಳಲಿಲ್ಲ.

ನನಗೆ ಹೊಟ್ಟೆಕಿಚ್ಚು ಅವಳ ಮೇಲಲ್ಲ, ಬೆಣಚು. ಅವಳು ಆ ಕೋಣೆ ಇಟ್ಟುಕೊಳ್ಳಲಿ. ಹೊಟ್ಟೆಕಿಚ್ಚು ನಿನ್ನ ಮೇಲೆ. ಇಪ್ಪತ್ನಾಲ್ಕು ವರ್ಷದಿಂದ ನಿನ್ನ ಬಗ್ಗೆ ‘ಪಾಪ’ ಅನ್ನುತ್ತಾ ಬಂದವಳು ನಾನು. ಪಾಪ, ಎಂ.ಎಸ್ಸಿ.ಯಲ್ಲಿ ನನಗಿಂತ ಮುಂದಿದ್ದಳು, ಪಾಪ, ಹೈಸ್ಕೂಲಿನಲ್ಲಿ ಕೊಳೆಯುತ್ತಿದ್ದಾಳೆ, ಅಂತ. ಆ ಪಾಪದ ಮೇಲೆ ನನ್ನ ಕುರ್ಚಿ ಹಾಕಿಕೊಂಡು ಆರಾಮಾಗಿ ಕೂತಿದ್ದೆ.

ಇನ್ನು ಇಪ್ಪತ್ನಾಲ್ಕು ವರ್ಷದ ಹಿಂದಿನ ಆ ದಿನದ್ದು. ಲೆಕ್ಚರರ್ ಕೆಲಸದ ಸಂದರ್ಶನ, ಮಾದರಿ ಪಾಠ. ಅಭ್ಯರ್ಥಿಗಳೇ ವಿದ್ಯಾರ್ಥಿಗಳಾಗಿ ಬೆಂಚಿನಲ್ಲಿ ಕೂತಿದ್ದೆವು. ಹಿಂದಿನ ಸಾಲಿನಲ್ಲಿ ಆಯ್ಕೆ ಸಮಿತಿ. ನೀನು ಬೆಣಚುಕಲ್ಲು ಎತ್ತಿ ತೋರಿಸಿ ‘ಇದು ಗಾಜನ್ನು ಗೀರುತ್ತದೆ, ಗಾಜು ಇದನ್ನು ಗೀರುವುದಿಲ್ಲ, ಯಾಕೆ?’ ಅಂತ ಕೇಳಿ ಸುಮ್ಮನಾದೆ. ಕೋಣೆಯೂ ಸುಮ್ಮನಾಯಿತು. ಸಮಿತಿಯವರೊಬ್ಬರು ಪೆನ್ನು ಕೆಳಗಿಟ್ಟರು. ನಾನು ಎದ್ದು ನಿಂತು ಉತ್ತರ ಹೇಳಿದೆ, ಇನ್ನೂ ಎರಡು ಉದಾಹರಣೆ ಸೇರಿಸಿ. ಮಾತು ಮರೆತು ನಿಂತ ಗೆಳತಿಯನ್ನು ಪಾರುಮಾಡಿದಳು ಅಂತ ಎಲ್ಲರೂ ತಲೆದೂಗಿದರು. ನೀನು ಹೊರಗೆ ಬಂದು ನನ್ನ ಕೈ ಹಿಡಿದು ಥ್ಯಾಂಕ್ಸ್ ಅಂದೆ. ಕೆಲಸ ನನಗಾಯಿತು.

ನೀನು ಮರೆತಿರಲಿಲ್ಲ. ನಿನ್ನ ಹೆಬ್ಬೆರಳು ನನಗೆ ಕಾಣುತ್ತಿತ್ತು. ಮೂರು ದಾಟಿ ನಾಲ್ಕಕ್ಕೆ ಬಂದಿತ್ತು. ಇನ್ನು ಮೂರು ಗೆಣ್ಣು ಇತ್ತು. ಅದು ಗೊತ್ತಿದ್ದೇ ಎದ್ದು ನಿಂತೆ.

ಅದಕ್ಕೇ ಆ ಪದ ಬೇಕು ನನಗೆ. ಕೆಲಸ ಸಿಗದೆ ಶಾಲೆಗೆ ಸೇರಿದ ಮೊದಲ ವಾರದಲ್ಲಿ ಬರೆದದ್ದಲ್ಲವೇ? ‘ನೀನು’ ಅಂತ ಬರೆದಿದ್ದರೆ ನಿನಗೆ ಅವತ್ತೇ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಇಷ್ಟು ವರ್ಷ ನನಗೆ ಕಾಗದ ಬರೆದೆ. ‘ನಾನು’ ಅಂತ ಬರೆದಿದ್ದರೆ ತಪ್ಪು ನಿನ್ನದೇ ಅಂತ ನೀನು ಅಂದುಕೊಂಡಿದ್ದೆ. ಯಾವುದು ಕೆಟ್ಟದ್ದು ಅಂತ ನನಗೆ ತಿಳಿಯುತ್ತಿಲ್ಲ. ಅವಸರ ಮಾಡಬೇಡ, ಎಣಿಸಿಕೊಂಡೇ ಉತ್ತರ ಬರೆ. ಎಷ್ಟು ದಿನವಾದರೂ ನಾನು ನಡುವೆ ಬಾಯಿ ಹಾಕುವುದಿಲ್ಲ.

ಇವರು ಅಕ್ಕನ ಮನೆಗೆ ಹೋಗಿದ್ದಾರೆ. ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಖಾಲಿ ಕುರ್ಚಿಗಳನ್ನು ಎದುರಿಗಿಟ್ಟು, ನಾಳೆಯ ಪಾಠ ಒಮ್ಮೆ ಮಾಡಿ ನೋಡಿದೆ. ಪ್ರಶ್ನೆ ಕೇಳುವುದು, ಗೆಣ್ಣಿನ ಮೇಲೆ ಹೆಬ್ಬೆರಳು ಇಡುವುದು. ನಾಲ್ಕರ ಹತ್ತಿರ ಉತ್ತರ ತಾನಾಗಿಯೇ ನಾಲಿಗೆ ತುದಿಗೆ ಬಂದುಬಿಡುತ್ತದೆ ಕಣೇ. ನೀನು ಅದನ್ನು ಆ ಸಮಿತಿಯ ಎದುರು ಮಾಡಿದೆ! ಏಳೆಂಟು ಸಲ ತಪ್ಪಿತು. ಆಮೇಲೆ ಒಂದೆರಡು ಸಲ ಏಳು ಮುಟ್ಟಿದೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಟೈಲರಮ್ಮ, ಹೊಲಿದ ಪರದೆ ಕೊಡಲು ಬಂದಿದ್ದರು. ನಡುವಿನ ಗೋಡೆ ತೆಳ್ಳಗೆ. ಪ್ರತಿ ಭಾನುವಾರ ನಾನು ಜೋರಾಗಿ ಪಾಠದ ಅಭ್ಯಾಸ ಮಾಡುವುದನ್ನು ಮಷಿನ್ ತುಳಿಯುತ್ತಾ ಕೇಳಿ ಕೇಳಿ ಅವರಿಗೆ ಗ್ರಾನೈಟು ಬಾಯಿಪಾಠ ಆಗಿದೆ. ಪರದೆ ಕೈಗಿಟ್ಟು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿದರು. ಕುರ್ಚಿಗಳನ್ನು ನೋಡಿದರು, ಕೆಳಗೆ ನನ್ನ ಒಂದೇ ಜೊತೆ ಚಪ್ಪಲಿ ನೋಡಿದರು.

“ಒಬ್ಬರೇ ಇದ್ದೀರಾ? ಮಧ್ಯೆ ಮಧ್ಯೆ ಸುಮ್ಮನಾಗ್ತಿದ್ರಲ್ಲ ಮೇಡಂ, ಇವತ್ತು ಯಾರೋ ಬಂದಿದಾರೆ, ಅವರು ಹೇಳೋದು ಕೇಳ್ತಾ ಇದೀರಿ ಅಂದ್ಕೊಂಡೆ.”